ಹತ್ತಿರದ ಹೊಗೆ

ಚಳ್ಳಕೆರೆ
25–10–2005, ಮಂಗಳವಾರ

ಚಿ. ಸೌ. ಜ್ಯೋತಿಲಕ್ಷ್ಮಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ಪ್ರೀತಿಯ ಜ್ಯೋತಿ,

ಮೊದಲು ಆಶಾಳ ಎದೆಯ ವಿಷಯ ಹೇಳು, ಮಿಕ್ಕಿದ್ದೆಲ್ಲ ಆಮೇಲೆ. ಮಲಗಿದಾಗ ಸುಯ್ ಸುಯ್ ಎನ್ನುವುದು ಪೂರ್ತಿ ನಿಂತಿದೆಯೇ? ಬಾಯಿಗೆ ಒತ್ತಿಕೊಳ್ಳುವ ಆ ನೀಲಿ ಪಂಪನ್ನು ಈಗ ಎಷ್ಟು ದಿನಕ್ಕೊಮ್ಮೆ ಕೊಡುತ್ತೀಯ? ಹೋದ ವಾರ ಫೋನಿನಲ್ಲಿ "ಇಪ್ಪತ್ತು ದಿನ ಆಯ್ತತ್ತೆ, ಪಂಪು ಮುಟ್ಟೇ ಇಲ್ಲ" ಎಂದೆ. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂತು ಎಂದು ಆಗ ನಿನಗೆ ಹೇಳಿದೆ, ಅದು ಅರ್ಧ ಮಾತ್ರ ನಿಜ. ಇಲ್ಲಿ ನನ್ನ ಮಡಿಲಲ್ಲಿ ಏದುಸಿರು ಬಿಡುತ್ತಿದ್ದ ಕೂಸು ಅಲ್ಲಿ ನಿಮ್ಮವ್ವನ ಮಡಿಲಲ್ಲಿ ಹಾಯಾಗಿ ಉಸಿರಾಡುತ್ತದೆ ಎಂದರೆ ಈ ಅಜ್ಜಿಗೆ ಹೊಟ್ಟೆಕಿಚ್ಚು ಆಗುವುದಿಲ್ಲವೇ? ಆಗುತ್ತದೆ, ನಾನೇನು ಮಠದ ಸ್ವಾಮಿಯಲ್ಲ. ನಿಮ್ಮವ್ವ ಅನ್ನಪೂರ್ಣಮ್ಮನವರ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡಲಿ ಎಂದು ನಾನು ಹೇಳಿದೆನೆಂದು ಹೇಳು. ಆಶಾ ನನಗೆ ಫೋನಿನಲ್ಲಿ "ಬಾಗುನ್ನಾವಾ ಅಜ್ಜಿ" ಎಂದು ಕ್ಷೇಮ ಕೇಳಿದಳು. ಆ ಗಡಿಸೀಮೆಯಲ್ಲಿ ಮೂರು ತಿಂಗಳಿಗೇ ತೆಲುಗು ಕಲಿತುಬಿಟ್ಟಿದ್ದಾಳೆ, ಇನ್ನಾರು ತಿಂಗಳು ಅಲ್ಲೇ ಬಿಟ್ಟರೆ ಮೊಮ್ಮಗಳ ಜೊತೆ ಮಾತಾಡಲು ನಾನೊಬ್ಬ ದುಭಾಷಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ಫೋನಿರುವಾಗ ಅತ್ತೆ ಏಕೆ ಕಾಗದ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬೇರಿಸಿರಬಹುದು. ಬರೆಸುತ್ತಿರುವವನು ನಿನ್ನ ಗಂಡ. ಫೋನಿನಲ್ಲಿ ನೀವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೀರಿ, ನಾಲ್ಕನೇ ಮಾತಿಗೆ ಯಾರಾದರೊಬ್ಬರು ಫೋನ್ ಇಡುತ್ತೀರಿ. ಅದಕ್ಕೇ ನಿನ್ನೆ ಊಟಕ್ಕೆ ಕುಳಿತಾಗ ಸಂಗಮೇಶ "ಅವ್ವ, ನೀನೇ ಬರಿ. ನನ್ ಮಾತಂತೂ ಕೇಳಲ್ಲ, ನೀ ಬರೆದ್ರೆ ಬರ್ತಾಳೆ" ಎಂದ. ಬರೆದದ್ದನ್ನು ತಾನು ಒಮ್ಮೆ ಓದಿಯೇ ಲಕೋಟೆಗೆ ಹಾಕುವುದಂತೆ. ಓದಲಿ. ಅವನನ್ನು ಬೈಯುವುದಿದ್ದರೆ ಅವನ ಕಣ್ಣ ಮುಂದೆಯೇ ಬೈಯುತ್ತೇನೆ, ನನಗೇನು ಭಯ.

ಜುಲೈ ತಿಂಗಳಲ್ಲಿ ನೀನು ಕೂಸನ್ನು ಎತ್ತಿಕೊಂಡು ಮೊಳಕಾಲ್ಮುರಿನ ಬಸ್ಸು ಹತ್ತಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚಿತ್ರದುರ್ಗದ ಡಾಕ್ಟರು ಮನೆಯ ಸುತ್ತಮುತ್ತಲಿನ ಗಾಳಿ ಹೇಗಿದೆ ನೋಡಿಕೊಳ್ಳಿ ಎಂದು ಒಂದೇ ಮಾತು ಹೇಳಿದ್ದು, ಅದರ ಮೇಲೆ ನೀವಿಬ್ಬರೂ ಎಂಟು ದಿನ ಯುದ್ಧ ಮಾಡಿದಿರಿ. ಬೀಜ ಬೇಯಿಸುವ ಹಬೆಗೆಂದು ಮಿಲ್ಲಿನ ಒಲೆಗೆ ಶೇಂಗಾ ಹೊಟ್ಟು ತುಂಬಿ ಉರಿಸುತ್ತೀರಿ, ಚಿಮಣಿ ನಮ್ಮ ಮಹಡಿಯ ಕಿಟಕಿಗಿಂತ ಎರಡು ಮೊಳವೂ ಎತ್ತರವಿಲ್ಲ, ಆ ಹೊಗೆಯೇ ಕೂಸಿನ ಎದೆಗಿಳಿಯುತ್ತಿದೆ ಎಂದು ನೀನು. ಬಳ್ಳಾರಿ ಕಡೆಯಿಂದ ಅದಿರು ಹೊತ್ತು ಹಗಲೂ ರಾತ್ರಿ ನುಗ್ಗುವ ಲಾರಿಗಳು ನಿನ್ನ ಕಣ್ಣಿಗೆ ಕಾಣುವುದಿಲ್ಲವೇ, ಬೀದಿಯೆಲ್ಲ ಕೆಂಪು ಧೂಳು, ನಮ್ಮಪ್ಪ ಕಟ್ಟಿದ ಮಿಲ್ಲೇ ಬೇಕಾಯಿತೇ ನಿನಗೆ ಎಂದು ಅವನು. ಕೊನೆಗೆ ನೀನು ಬಾಗಿಲಲ್ಲಿ ನಿಂತು "ಅಳೆದು ತೋರಿಸ್ರಿ. ನಮ್ ಮಿಲ್ಲಿಂದಲ್ಲ ಅಂತ ಅಳೆದು ತೋರಿಸಿದ್ ದಿನ ನಾನೇ ಬಸ್ ಹತ್ತಿ ಬರ್ತೀನಿ" ಎಂದೆ. ನಾನು ಸೌಟು ಹಿಡಿದು ನಡುವೆ ನಿಂತಿದ್ದೆ. ಗಾಳಿಯನ್ನು ಯಾರಾದರೂ ಅಳೆಯುತ್ತಾರೆಯೇ, ಇವಳು ಬರುವುದಿಲ್ಲ ಎನ್ನುವುದನ್ನೇ ಸುತ್ತಿ ಬಳಸಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಅಳೆಯುತ್ತಾರೆ ಎಂದು ಆಗಸ್ಟಿನಲ್ಲಿ ಗೊತ್ತಾಯಿತು. ದಾವಣಗೆರೆಯ ಕಾಲೇಜೊಂದರಿಂದ ಕಿರಣ್‌ಕುಮಾರ್ ಎಂಬ ಹುಡುಗ ಬಂದ. ಹುಡುಗ ಎಂದರೆ ಇಪ್ಪತ್ತೆಂಟು ವರ್ಷದವನು, ಪಾಠ ಹೇಳುವ ಮೇಷ್ಟ್ರೇ. ಈ ಸೀಮೆಯ ಗಾಳಿಯಲ್ಲಿ ಕಾರ್ಖಾನೆಯ ಹೊಗೆ ಎಷ್ಟು, ವಾಹನದ್ದೆಷ್ಟು ಎಂದು ಲೆಕ್ಕ ಹಾಕುವುದು ಅವನ ಕೆಲಸ. ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟಡದ ಮೇಲೆ ಒಂದು ಯಂತ್ರ, ಪರಶುರಾಂಪುರದ ಆಚೆ ಹೊಲದ ಪಂಪ್‌ಮನೆಯ ಮೇಲೆ ಒಂದು ಯಂತ್ರ. ಮೂರನೆಯದಕ್ಕೆ ಎಣ್ಣೆ ಮಿಲ್ಲುಗಳ ಬಳಿ ಜಾಗ ಹುಡುಕುತ್ತಿದ್ದನಂತೆ, ಒಬ್ಬ ಮಿಲ್ಲಿನವನೂ ಮಾಳಿಗೆ ಹತ್ತಲು ಬಿಟ್ಟಿರಲಿಲ್ಲ. ನಿನ್ನ ಗಂಡ ತಾನಾಗಿಯೇ ಕರೆದುಕೊಂಡು ಬಂದು ನಮ್ಮ ಮನೆಯ ಮಾಳಿಗೆಯ ಮೇಲೆ ಇಡಿಸಿದ. ಇದನ್ನು ನೀನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಜ್ಯೋತಿ. ನೀನು ಹೇಳಿದ ಮಾತು ಅವನಿಗೆ ನಾಟಿತ್ತು, ಅವನು ಒರಟ, ಆದರೆ ಕಳ್ಳನಲ್ಲ.

ಯಂತ್ರ ಎಂದರೆ ಎದೆಯೆತ್ತರದ ತಗಡಿನ ಪೆಟ್ಟಿಗೆ, ಮೇಲೆ ಪಾರಿವಾಳದ ಗೂಡಿನ ಹಾಗೆ ಇಳಿಜಾರು ಮಾಡು. ಆ ಮಾಡಿನ ಕೆಳಗೆ ಬೆಳ್ಳಗಿನ ಒಂದು ಕಾಗದ ಹಾಸುತ್ತಾರೆ, ಆಶಾಳ ನೋಟ್‌ಬುಕ್ಕಿನ ಹಾಳೆಗಿಂತ ಸ್ವಲ್ಪ ದೊಡ್ಡದು. ಗುಂಡಿ ಒತ್ತಿದರೆ ಗುಂಯ್ ಎಂದು ಊರ ಗಾಳಿಯನ್ನೆಲ್ಲ ಆ ಕಾಗದದ ಮೂಲಕ ಎಳೆದುಕೊಳ್ಳುತ್ತದೆ. ಹಾಕುವ ಮೊದಲು ಕಾಗದದ ತೂಕ, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಮತ್ತೆ ತೂಕ, ಹೆಚ್ಚಾದದ್ದೆಷ್ಟೋ ಅಷ್ಟು ಕೊಳೆ. ಇಷ್ಟೇನಾ ನಿಮ್ಮ ವಿದ್ಯೆ ಎಂದು ಕೇಳಿದೆ. "ಇಷ್ಟೇ ಅಜ್ಜಿ" ಎಂದು ನಕ್ಕ. ಅರವತ್ತಮೂರಕ್ಕೇ ನಾನು ಅಪರಿಚಿತರ ಬಾಯಲ್ಲಿ ಅಜ್ಜಿಯಾದೆ. ಆದರೂ ಅವನಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕದೆ ಒಂದು ದಿನವೂ ಕಳಿಸಿಲ್ಲ.

ಪ್ರತಿ ಮಂಗಳವಾರ, ಶುಕ್ರವಾರ ಯಂತ್ರ ಓಡುತ್ತದೆ. ಮೂರು ಕಡೆ ಸುತ್ತುವ ಅವನಿಗೆ ಸದಾ ಇಲ್ಲಿರಲು ಆಗುವುದಿಲ್ಲವಲ್ಲ, ಅದಕ್ಕೆ ಒಂದು ಉದ್ದನೆಯ ಪುಸ್ತಕ ಕೊಟ್ಟು ನನ್ನನ್ನೇ ಕಾವಲಿಗೆ ನೇಮಿಸಿದ. ಶುರುವಾದ ಹೊತ್ತು, ನಿಂತ ಹೊತ್ತು, ಕರೆಂಟು ಹೋದ ಹೊತ್ತು ಬರೆಯಬೇಕು. ಕೊನೆಯ ಅಂಕಣಕ್ಕೆ "ಹತ್ತಿರದ ಹೊಗೆ" ಎಂದು ಹೆಸರು. ಯಂತ್ರದ ಸುತ್ತ ಯಾರಾದರೂ ಏನಾದರೂ ಸುಟ್ಟರೆ, ಉರಿಸಿದರೆ ಅಲ್ಲಿ ಬರೆಯಬೇಕು. ಇಲ್ಲದಿದ್ದರೆ ಆ ಒಂದು ದಿನದ ಲೆಕ್ಕವೇ ಕೆಡುತ್ತದಂತೆ. ಮಾಳಿಗೆ ಗುಡಿಸಬಾರದು, ಮೆಣಸಿನಕಾಯಿ ಒಣಗಿಸಬಾರದು, ಕಸ ಸುಡಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಸರ್ಕಾರಿ ದಫ್ತರು ಬಂದಷ್ಟು ಹೆಮ್ಮೆ ಆಯಿತು. ಪಕ್ಕದ ಮನೆಯ ಕೊಟ್ರಮ್ಮ ನೀರೊಲೆಗೆ ತೆಂಗಿನ ಗರಿ ಹಾಕಿದ್ದು, ಬೀದಿಯವರು ಟೈರು ಸುಟ್ಟಿದ್ದು, ಯಾವುದನ್ನೂ ಬಿಟ್ಟಿಲ್ಲ. ಕೊಟ್ರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಮಾಳಿಗೆಗೆ ಹೋಗಿ ಬರುವಾಗ ದಾರಿಯಲ್ಲಿ ಆಶಾಳ ಕೋಣೆ ಸಿಗುತ್ತದಲ್ಲ, ದಿನಾ ಒಳಗೆ ಹೋಗಿ ಅವಳ ಮಂಚವನ್ನು ಒಂದು ಬಿಳಿ ಬಟ್ಟೆಯಿಂದ ಒರೆಸುತ್ತೇನೆ. ಮಲಗುವವರಿಲ್ಲದಿದ್ದರೂ ಒರೆಸುತ್ತೇನೆ. ಅವಳ ಮರದ ಕುದುರೆಯನ್ನೂ ಒರೆಸಿಟ್ಟಿದ್ದೇನೆ, ಅದರ ಬಾಲ ಕಿತ್ತಿದ್ದು ನಾನಲ್ಲ, ಮೊದಲೇ ಕಿತ್ತಿತ್ತು ಎಂದು ಅವಳಿಗೆ ಹೇಳು.

ಈಗ ಆಯುಧಪೂಜೆಯ ಸಂಗತಿಗೆ ಬರುತ್ತೇನೆ. ವರ್ಷದಲ್ಲಿ ನಮ್ಮ ಒಲೆ ಪೂರ್ತಿ ತಣ್ಣಗಾಗುವುದು ಅದೊಂದು ಹಬ್ಬಕ್ಕೆ, ಅದೂ ಎರಡೇ ದಿನ ಎಂದು ನಿನಗೆ ಗೊತ್ತೇ ಇದೆ. ಒಲೆ ನೋಡಿಕೊಳ್ಳುವ ಯತ್ತಪ್ಪ ಸೋಮವಾರ ಸಂಜೆಯೇ ಬೂದಿ ತೆಗೆದು, ಸಾರಿಸಿ, ರಂಗೋಲಿ ಹಾಕಿದ. ಹಬ್ಬ ಮಂಗಳವಾರವೇ ಬಿದ್ದದ್ದು ಕಿರಣ್‌ಕುಮಾರನಿಗೆ ನಿಧಿ ಸಿಕ್ಕಂತಾಗಿತ್ತು. ಮಿಲ್ಲು ಓಡುವ ದಿನದ ಲೆಕ್ಕ ಹತ್ತಾರಿದೆ, ಮಿಲ್ಲು ನಿಂತ ದಿನದ್ದು ಒಂದೂ ಇಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಿಲ್ಲಿನ ಪಾಲೆಷ್ಟು, ಲಾರಿಯ ಪಾಲೆಷ್ಟು ಎಂದು ಗೊತ್ತಾಗುತ್ತದೆ ಎಂದ. ಬೆಳಿಗ್ಗೆ ಕಾಗದ ಹಾಸಿ, ಗುಂಡಿ ಒತ್ತಿ, "ಅಜ್ಜಿ, ಇವತ್ತು ನಿಮ್ ಕೈಯಾಗೈತೆ" ಎಂದು ಹೇಳಿ ಹಬ್ಬದೂಟಕ್ಕೆ ಊರಿಗೆ ಹೋದ.

ಪೂಜೆ ಎಂದಿನಂತೆ ಭರ್ಜರಿಯಾಗಿ ನಡೆಯಿತು. ಗಾಣದ ಯಂತ್ರಗಳು, ತಕ್ಕಡಿ, ಲಾರಿ, ಸಂಗಮೇಶನ ಸ್ಕೂಟರು, ನಿನ್ನ ಹೊಲಿಗೆ ಯಂತ್ರ, ಕೊನೆಗೆ ನನ್ನ ಈಳಿಗೆಮಣೆಗೂ ವಿಭೂತಿ ಕುಂಕುಮ. ಎಲ್ಲ ಮುಗಿದ ಮೇಲೆ ನೆನಪಾಯಿತು, ಮೇಲೆ ಒಬ್ಬ ಅತಿಥಿ ಇದ್ದಾನಲ್ಲ ಎಂದು. ನಮ್ಮ ಕೂಸಿಗಾಗಿ ಎರಡು ತಿಂಗಳಿಂದ ದುಡಿಯುತ್ತಿರುವ ಯಂತ್ರ, ಮನೆಯಲ್ಲಿ ಎಲ್ಲಕ್ಕೂ ಪೂಜೆಯಾಗಿ ಅದೊಂದೇ ಬರಿ ಹಣೆಯಲ್ಲಿ ನಿಲ್ಲುವುದೇ? ಹತ್ತಿ ಹೋಗಿ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಕೆಂಡದ ಬಟ್ಟಲಲ್ಲಿ ಲೋಬಾನ ಹಾಕಿ ಆರತಿ ಮಾಡಿದೆ. ಆಶಾಳ ಉಸಿರು ಸರಾಗವಾಗಲಿ ಎಂದು ನಾಯಕನಹಟ್ಟಿ ತಿಪ್ಪೇಸ್ವಾಮಿಯನ್ನು ಬೇಡಿಕೊಂಡೆ. ಗಾಳಿಗೆ ಕೆಂಡ ಆರದಿರಲಿ ಎಂದು ಬಟ್ಟಲನ್ನು ಯಂತ್ರದ ಮಗ್ಗುಲಲ್ಲೇ, ಮಾಡಿನ ನೆರಳಿಗೆ ಒತ್ತಿಟ್ಟೆ. ಹಬ್ಬದ ದಿನ ಧೂಪ ಆರಬಾರದು ಎಂದು ಮಧ್ಯಾಹ್ನ ಎರಡು ಸಲ, ಸಂಜೆ ಒಂದು ಸಲ ಹೋಗಿ ಮತ್ತೆ ಲೋಬಾನ ಉದುರಿಸಿ ಬಂದೆ. ಮರುದಿನ ಕಿರಣ್‌ಕುಮಾರ್ ಬರುವಷ್ಟರಲ್ಲಿ ಬಟ್ಟಲು ತೆಗೆದಿದ್ದೆ, ಕುಂಕುಮ ಮಾತ್ರ ಉಳಿದಿತ್ತು. "ಇದಕ್ಕೂ ಬೊಟ್ಟು ಇಟ್ಟೀರಾ ಅಜ್ಜಿ" ಎಂದು ನಕ್ಕ.

ಮೊನ್ನೆ ಶನಿವಾರ ಲೆಕ್ಕ ಬಂತು, ಅಂಕಿ ಹೆಚ್ಚಾದಷ್ಟೂ ಗಾಳಿಯಲ್ಲಿ ಕೊಳೆ ಹೆಚ್ಚಂತೆ. ಬಸ್ ನಿಲ್ದಾಣದಲ್ಲಿ ಮುನ್ನೂರ ನಲವತ್ತು. ಪರಶುರಾಂಪುರದ ಹೊಲದಲ್ಲಿ ತೊಂಬತ್ತು. ನಮ್ಮ ಮಾಳಿಗೆಯಲ್ಲಿ ಮಿಲ್ಲು ಓಡುವ ದಿನ ಮುನ್ನೂರ ಹತ್ತು. ಮಿಲ್ಲು ನಿಂತ ಹಬ್ಬದ ದಿನ ನಾನೂರ ಇಪ್ಪತ್ತು! ಒಲೆ ಆರಿದ ದಿನವೇ ಗಾಳಿ ಹೆಚ್ಚು ಕೆಟ್ಟಿದೆ ಎಂದರೆ ಕೆಡಿಸುತ್ತಿರುವುದು ಒಲೆಯಲ್ಲ ಎಂದಾಯಿತಲ್ಲ. ಕಿರಣ್‌ಕುಮಾರ್ ತಲೆ ಕೆರೆದುಕೊಂಡ. "ಒಲೆನೂ ಆರೈತೆ, ಹಬ್ಬಕ್ಕೆ ಲಾರಿನೂ ಕಮ್ಮಿ, ಆದ್ರೂ ಹಿಂಗ್ಯಾಕೆ" ಎಂದು ನನ್ನ ಪುಸ್ತಕ ತೆಗೆದು ನೋಡಿದ. ಕೊನೆಯ ಅಂಕಣದಲ್ಲಿ ನನ್ನ ಅಕ್ಷರದಲ್ಲೇ "ಹೊಗೆ ಇಲ್ಲ. ಹಬ್ಬ" ಎಂದು ಬರೆದಿತ್ತು. ಸಂಗಮೇಶ ಮಾತ್ರ ನೆಲದ ಮೇಲೆ ನಿಲ್ಲಲಿಲ್ಲ. "ಹೂಂ, ಈಗ ಹೇಳಲಿ ನಿನ್ ಸೊಸೆ" ಎಂದು ಆ ಹಾಳೆಯನ್ನು ನಾಲ್ಕು ಜೆರಾಕ್ಸ್ ಮಾಡಿಸಿ, ಒಂದನ್ನು ಮಿಲ್ಲಿನ ಆಫೀಸಿನಲ್ಲಿ ಅವರಪ್ಪನ ಫೋಟೋದ ಕೆಳಗೆ ಅಂಟಿಸಿದ. ಮಾರ್ಕೆಟ್ ಯಾರ್ಡಿನಲ್ಲಿ ಸಿಕ್ಕಿದವರಿಗೆಲ್ಲ ಪೇಡೆ ಹಂಚಿದ. ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಎದ್ದು ಹೋದೆ.

ಬರುವ ಭಾನುವಾರ ಅವನು ಆ ಹಾಳೆ ಹಿಡಿದುಕೊಂಡು ಕಾರು ಮಾಡಿಕೊಂಡು ನಿಮ್ಮಲ್ಲಿಗೆ ಬರುತ್ತಾನೆ. ನೀನೂ ಕೂಸೂ ದೀಪಾವಳಿಗೆ ಇಲ್ಲೇ ಇರಬೇಕು ಎಂದು ಅವನ ಹಟ. ಹೊಸ ಶೇಂಗಾ ಬರುವ ಹೊತ್ತಿಗೆ ಎರಡನೇ ಒಲೆಯನ್ನೂ ಹಾಕಿಸುತ್ತಾನಂತೆ, ಹಳೆಯದರ ಪಕ್ಕದಲ್ಲೇ. ಅರ್ಜಿ ಟೈಪು ಮಾಡಿಸಿ ತಂದಿದ್ದಾನೆ, ಮಿಲ್ಲು ಇನ್ನೂ ನನ್ನ ಹೆಸರಿನಲ್ಲೇ ಇರುವುದರಿಂದ ನನ್ನ ಸಹಿ ಬೇಕು. ಅವಳ ಮಾತಿನಂತೆ ಅಳೆದು ತೋರಿಸಿದ್ದೇನೆ, ಇನ್ನು ಅವಳು ತನ್ನ ಮಾತು ಉಳಿಸಿಕೊಳ್ಳಲಿ ಎಂದು ಬರೆಯಲು ಹೇಳಿದ. ಬರೆದಿದ್ದೇನೆ.

ನನ್ನ ಕಡೆಯಿಂದ ಒಂದು ಮಾತು. ಮೂರು ತಿಂಗಳಿಂದ ಈ ಮನೆಯಲ್ಲಿ ಸದ್ದು ಎಂದರೆ ಮಿಲ್ಲಿನದು, ಮಾಳಿಗೆಯ ಯಂತ್ರದ್ದು. ನೀನಿದ್ದಾಗ ನಿನ್ನ ಜೊತೆ ಸಾರಿನ ಉಪ್ಪಿಗೆ, ಹಾಲಿನ ಹೆಪ್ಪಿಗೆ ಜಗಳ ತೆಗೆಯುತ್ತಿದ್ದೆ. ಈಗ ಸಾರಿಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಕೇಳುವವರಿಲ್ಲ. ಸಂಗಮೇಶ ತಟ್ಟೆ ನೋಡದೆ ಉಣ್ಣುತ್ತಾನೆ, ತೆಳ್ಳಗಾಗಿದ್ದಾನೆ, ಆಶಾಳ ಒಂದು ಚಪ್ಪಲಿ ಇನ್ನೂ ಅವನ ಮೇಜಿನ ಡ್ರಾಯರಿನಲ್ಲಿದೆ. ನನಗೂ ನೀವು ಬೇಕು ಜ್ಯೋತಿ. ಬಾಯಿ ಬಿಟ್ಟು ಹೇಳುವ ಜಾತಿಯವಳಲ್ಲ ನಾನು, ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಅನ್ನಪೂರ್ಣಮ್ಮನವರಿಗೆ ನನ್ನ ಶರಣು. ಮನೆಯ ಹಿರಿಯರಿಗೆಲ್ಲ ನಮಸ್ಕಾರ ತಿಳಿಸು. ಆಶಾಳ ಎರಡೂ ಕೆನ್ನೆಗೆ ಒಂದೊಂದು ಮುತ್ತು, ನೆತ್ತಿಗೆ ನನ್ನ ಕೈ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ತಲೆನೋವನ್ನು ಮರೆತು ಎಲ್ಲರ ಔಷಧಿ ನೋಡಬೇಡ. ನೂರು ಕಾಲ ಬಾಳಿ, ತಾಯಿ ಮಗಳಿಬ್ಬರೂ.

ನಿನ್ನ ಅತ್ತೆ,
ತಿಪ್ಪೇರುದ್ರಮ್ಮ

ಮರೆತ ಮಾತು: ಮೇಲಿನದನ್ನು ಸಂಗಮೇಶ ಓದಿ, ಚೆನ್ನಾಗಿ ಬರೆದಿದ್ದೀಯವ್ವ ಎಂದು ಲಕೋಟೆ ಅಂಟಿಸಿಟ್ಟು ಮಾರ್ಕೆಟ್ ಯಾರ್ಡಿಗೆ ಹೋದ. ಅಂಟು ಒಣಗುವ ಮುಂಚೆ ಬಿಚ್ಚಿ ಈ ಚೀಟಿ ಸೇರಿಸುತ್ತಿದ್ದೇನೆ, ಅನ್ನದ ಅಗುಳಿನಿಂದ ಮತ್ತೆ ಅಂಟಿಸುತ್ತೇನೆ. ಅಂಚೆ ತೆಗೆಯುವ ಹೊತ್ತಾಗುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಜ್ಯೋತಿ, ಭಾನುವಾರ ನೀನು ಬರಬೇಡ. ಕೂಸನ್ನಂತೂ ಕಳಿಸಲೇಬೇಡ. ಸಂಗಮೇಶ ಬಂದರೆ ಊಟ ಹಾಕು, ಆಶಾಳನ್ನು ಅವನ ತೊಡೆಯ ಮೇಲೆ ಕೂರಿಸು, ಸಂಜೆಗೆ ವಾಪಸು ಕಳಿಸು.

ಶನಿವಾರ ಕಿರಣ್‌ಕುಮಾರ್ ಉಪಯೋಗಿಸಿದ ಕಾಗದಗಳನ್ನು ಹರಡಿ ತೋರಿಸಿದ್ದ. ಎಲ್ಲ ಕಾಗದಗಳೂ ಬೂದು ಕಪ್ಪು, ಹಬ್ಬದ ದಿನದ್ದೊಂದು ಮಾತ್ರ ಕಂದು ಹಳದಿ. ಅದನ್ನು ಎತ್ತಿ ಮೂಸಿ ನೋಡಿದೆ. ಲೋಬಾನ. ನಾನು ಹಾಕಿದ ಲೋಬಾನವೇ. ಕೊಟ್ರಮ್ಮನ ನೀರೊಲೆಯ ಹೊಗೆಯನ್ನು ಬಿಡದೆ ಬರೆದವಳಿಗೆ ದೇವರ ಧೂಪವೂ ಹೊಗೆಯೇ ಎಂದು ಹೊಳೆದೇ ಇರಲಿಲ್ಲ. ಹೊಳೆದಾಗ ಬಾಯಿ ಮುಚ್ಚಿಕೊಂಡು ಹಾಲಿನ ನೆಪ ಮಾಡಿ ಒಳಗೆ ಹೋದೆ. ಸುಮ್ಮನಿದ್ದರೆ ನೀವು ಬರುತ್ತೀರಿ ಎಂಬ ಆಸೆ. ಮೂರು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು, ನಿನ್ನ ಗಂಡನಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಕಿರಣ್‌ಕುಮಾರ್ ಕಾಗದ ಹಾಕಲು ಬಂದಾಗ ಪುಸ್ತಕ ಇಸಿದುಕೊಂಡು "ಹೊಗೆ ಇಲ್ಲ" ಎಂಬುದನ್ನು ಹೊಡೆದುಹಾಕಿ, "ಲೋಬಾನ, ಬೆಳಿಗ್ಗೆಯಿಂದ ಸಂಜೆಯವರೆಗೆ, ನಾನೇ ಇಟ್ಟದ್ದು" ಎಂದು ಬರೆದು ಸಹಿ ಹಾಕಿದೆ. ಅವನು ಬೈಯಲಿಲ್ಲ. "ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಜ್ಜಿ" ಎಂದ. ಕೂಸಿನ ಎದೆಗೆ ಗೊತ್ತಾಗ್ತಿತ್ತಲ್ಲಪ್ಪ ಎಂದೆ. ಹಬ್ಬದ ಲೆಕ್ಕ ಅವನು ತೆಗೆದುಹಾಕುತ್ತಾನೆ. ಹೊಸದಾಗಿ ಅಳೆಯಲು ಒಲೆ ತಣ್ಣಗಿರುವ ದಿನ ಬೇಕು. ಗುರುವಾರದಿಂದ ಮೂರು ದಿನ ಒಲೆ ಹಚ್ಚಬೇಡ ಎಂದು ಯತ್ತಪ್ಪನಿಗೆ ಹೇಳಿದ್ದೇನೆ. ಎರಡನೇ ಒಲೆಯ ಅರ್ಜಿ ಸಹಿಯಿಲ್ಲದೆ ನನ್ನ ಪೆಟ್ಟಿಗೆಯಲ್ಲಿದೆ. ಮಧ್ಯಾಹ್ನ ಸಂಗಮೇಶ ಊಟಕ್ಕೆ ಬಂದಾಗ ಎಲ್ಲ ಹೇಳುತ್ತೇನೆ. ಕೂಗಾಡುತ್ತಾನೆ, ಆಮೇಲೆ ಆ ಚಪ್ಪಲಿ ಇರುವ ಡ್ರಾಯರು ತೆಗೆದು ಕೂರುತ್ತಾನೆ, ನನಗೆ ಗೊತ್ತು. ದೀಪಾವಳಿಗೆ ನಾನೇ ಅಲ್ಲಿಗೆ ಬಸ್ಸು ಹತ್ತಿ ಬರುತ್ತೇನೆ, ನಿಮ್ಮವ್ವನ ಪಕ್ಕ ನನಗೂ ಒಂದು ಚಾಪೆ ಹಾಸು.

ಯಂತ್ರ ಏನು ಹೇಳುತ್ತದೋ ಹೇಳಲಿ. ನಾನೂ ಒಂದು ಅಳತೆ ಮಾಡಿದ್ದೇನೆ, ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆಶಾಳ ಮಂಚ ಒರೆಸುವ ಬಟ್ಟೆ ದಿನಾ ಕಪ್ಪಾಗುತ್ತದೆ. ಒಲೆ ಆರಿದ್ದ ಆ ಎರಡು ದಿನ ಬೆಳ್ಳಗೇ ಇತ್ತು.